ಐದು ಕಿಲೋ ರಾಗಿ, ಒಂದು ಗೊನೆ ಬಾಳೆಹಣ್ಣು

ಟಾಂಜಾನಿಯಾದ ಶಾಲೆಗಳಲ್ಲಿ ಮಕ್ಕಳು ಮೊಬೈಲ್ ಇಟ್ಟುಕೊಳ್ಳುವಂತಿಲ್ಲ. ಹಾಸ್ಟೆಲ್ ಇರುವ ಹುಡುಗಿಯರ ಶಾಲೆಯಾದರೆ ಟಿವಿ ಕೂಡ ಅಪರೂಪ. ಹಾಗಾದರೆ ನಾನೂರು ಹುಡುಗಿಯರು ಹೊತ್ತು ಹೋಗದಿದ್ದಾಗ ಏನು ನೋಡುತ್ತಾರೆ? ಹೊಸದಾಗಿ ಬಂದ ಟೀಚರನ್ನು ನೋಡುತ್ತಾರೆ. ಮಂಡ್ಯದಿಂದ ಹೊರಟು ಕಿಲಿಮಾಂಜಾರೋ ತಪ್ಪಲಿನ ಒಂದು ಶಾಲೆಗೆ ಗಣಿತ ಕಲಿಸಲು ಹೋದಾಗ ಅವರ ಧಾರಾವಾಹಿ ನಾನೇ ಆದೆ. ದಿನಕ್ಕೊಂದು ಎಪಿಸೋಡು, ಜಾಹೀರಾತಿಲ್ಲದೆ.

ಮೊದಲ ಎಪಿಸೋಡಿಗೆ ಕಾರಣ ನಮ್ಮ ನೆಂಟರು. "ಆಫ್ರಿಕಾ ಅಂದ್ರೆ ಬೆಂಕಿ ಬಿಸಿಲು, ಸ್ವೆಟರ್ ಯಾಕೆ ಸುಮ್ನೆ?" ಎಂದು ಅದನ್ನು ಸೂಟ್‌ಕೇಸಿನಿಂದ ಎತ್ತಿಟ್ಟು, ಆ ಜಾಗದಲ್ಲಿ ಉಪ್ಪಿನಕಾಯಿ ಡಬ್ಬಿ ತುರುಕಿದವರು ಅವರೇ. ನಕ್ಷೆ ನೋಡಿದರೆ ಅವರ ಮಾತು ಸರಿ. ಶಾಲೆಗೆ ಹತ್ತಿರದ ಮೋಶಿ ಪಟ್ಟಣ ಭೂಮಧ್ಯರೇಖೆಯಿಂದ ಮೂರೇ ಡಿಗ್ರಿ ಕೆಳಗೆ. ಆದರೆ ನಮ್ಮ ಶಾಲೆ ಇದ್ದದ್ದು ಪಟ್ಟಣ ಬಿಟ್ಟು ಮೇಲಕ್ಕೆ, ಕಾಫಿ ಮತ್ತು ಬಾಳೆ ತೋಟಗಳ ನಡುವೆ. ಅಲ್ಲಿ ಜುಲೈ ಅಂದರೆ ಚಳಿಗಾಲ. ಮಂಜು ಕ್ಲಾಸ್‌ರೂಮಿನ ಒಳಗೇ ಬಂದು ಕೂರುತ್ತದೆ. ಕಾಟನ್ ಸೀರೆಯಲ್ಲಿ ಗಡಗಡ ನಡುಗುತ್ತಿದ್ದ ನನಗೆ ಮ್ಯಾಟ್ರನ್ ಒಂದು ಕೆಂಪು ಚೌಕಳಿಯ ಹೊದಿಕೆ ಕೊಟ್ಟರು. ಅಲ್ಲಿನ ದನಗಾಹಿ ಜನ ಮಾಸಾಯಿಗಳು ಹೊದೆಯುವ ಶುಕಾ ಅದು. ಸೀರೆಯ ಮೇಲೆ ಅದನ್ನೇ ಹೊದ್ದು ಕ್ಲಾಸಿಗೆ ಹೋದೆ. ಹುಡುಗಿಯರು ಎದ್ದು ನಿಂತು ನಮಸ್ಕಾರ ಹೇಳಿದರು, ಕೂತರು, ಆಮೇಲೆ ಮುಖ ಮುಚ್ಚಿಕೊಂಡು ಬೆಂಚು ಅಲ್ಲಾಡುವ ಹಾಗೆ ನಕ್ಕರು. ರಾತ್ರಿ ಕಾರಣ ಗೊತ್ತಾಯಿತು. ಶಾಲೆಯ ಗೇಟು ಕಾಯುವ ಮಾಸಾಯಿ ಅಜ್ಜನೂ ನಾನೂ ಒಂದೇ ಯೂನಿಫಾರ್ಮು.

ಇಷ್ಟು ದೂರ ಬಂದದ್ದಕ್ಕೆ ಕಿಲಿಮಾಂಜಾರೋ ಆದರೂ ನೋಡೋಣ ಅಂದರೆ ಅದೂ ಇಲ್ಲ. 5,895 ಮೀಟರ್ ಎತ್ತರ, ಇಡೀ ಆಫ್ರಿಕಾಕ್ಕೇ ದೊಡ್ಡ ಬೆಟ್ಟ, ಶಾಲೆಯ ಹಿಂದೆಯೇ ಇದೆ ಎಂದು ಎಲ್ಲರೂ ಕೈ ತೋರಿಸುವವರೇ. ಕೈ ತೋರಿಸಿದ ಕಡೆ ಬರೀ ಮೋಡ. ಫೋಟೋ ಕಳಿಸು ಎಂದು ಅಮ್ಮ ಪ್ರಾಣ ತಿಂದಳು. ಮೋಡದ ಫೋಟೋ ಕಳಿಸಿದೆ. ಅಮ್ಮ ಅದನ್ನೇ ಬೀದಿಯವರಿಗೆಲ್ಲ ತೋರಿಸಿ, "ಹಿಮ ನೋಡಿ, ಹೆಂಗೆ ಬಿದ್ದದೆ" ಅಂದಳಂತೆ.

ಹಾಜರಿ ತೆಗೆದುಕೊಳ್ಳುವುದು ಇನ್ನೊಂದು ಕಷ್ಟ. ಆ ಕಡೆ ಹೆಣ್ಣುಮಕ್ಕಳಿಗೆ ಹ್ಯಾಪಿನೆಸ್, ಗ್ಲ್ಯಾಡ್‌ನೆಸ್, ವಿಟ್ನೆಸ್, ಗ್ಲೋರಿ ಎಂದೆಲ್ಲ ಹೆಸರಿಡುತ್ತಾರೆ. "ಹ್ಯಾಪಿನೆಸ್ ಎಲ್ಲಿ?" ಅಂದರೆ "ಜ್ವರ ಮೇಡಂ." "ಇನ್ನೊಬ್ಬಳು ಹ್ಯಾಪಿನೆಸ್?" "ಅಳ್ತಾ ಕೂತಿದ್ದಾಳೆ ಮೇಡಂ." (ನಮ್ಮ ಬೀದಿಯಲ್ಲಿ ದಿನಾ ನಲ್ಲಿ ಹತ್ತಿರ ಜಗಳಕ್ಕೆ ನಿಲ್ಲುವವಳ ಹೆಸರು ಶಾಂತಾ. ಹಾಗಾಗಿ ನಗುವ ಹಕ್ಕು ನನಗಿಲ್ಲ.) ಹೆಸರು ನೆನಪಿಟ್ಟುಕೊಂಡರೂ ಮುಖಕ್ಕೆ ಹೊಂದಿಸುವುದು ಹೇಗೆ? ಅಲ್ಲಿ ಶಾಲೆಯ ಹುಡುಗಿಯರು ತಲೆಗೂದಲನ್ನು ಬೋಳು ಅನ್ನುವಷ್ಟು ಗಿಡ್ಡ ಕತ್ತರಿಸಿಕೊಂಡಿರಬೇಕು. ನಮ್ಮಲ್ಲಾದರೆ ಎರಡು ಜಡೆಯವಳು, ಗುಂಗುರು ಕೂದಲಿನವಳು ಎಂದು ಏನಾದರೂ ಗುರುತು ಸಿಗುತ್ತದೆ. ಇಲ್ಲಿ ಒಂದೇ ಸ್ವೆಟರ್, ಒಂದೇ ಸ್ಕರ್ಟ್, ಒಂದೇ ತಲೆ. ಕಿಟಕಿ ಪಕ್ಕ ಮೂರನೆಯವಳು ಎಂದು ಡೈರಿಯಲ್ಲಿ ಬರೆದುಕೊಂಡೆ. ಮರುದಿನ ಕ್ಲಾಸ್ ಮಾನಿಟರ್ ಎಲ್ಲರ ಜಾಗ ಬದಲಿಸಿದ್ದಳು.

ಟೀಚರುಗಳ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಸೋಮವಾರ ಬಯಾಲಜಿ ಮೇಡಂ ಗಿಡ್ಡ ಕೂದಲಿನವರು. ಕೈ ಕುಲುಕಿ ಪರಿಚಯ ಮಾಡಿಕೊಂಡೆ. ಮಂಗಳವಾರ ಸ್ಟಾಫ್‌ರೂಮಿನಲ್ಲಿ ಸೊಂಟದವರೆಗೆ ಸಣ್ಣ ಸಣ್ಣ ಜಡೆ ಬಿಟ್ಟ ಒಬ್ಬರು ಕೂತಿದ್ದರು. ಮತ್ತೆ ಕೈ ಕುಲುಕಿದೆ. ಮುಂದಿನ ವಾರ ಕಂದು ಬಣ್ಣದ ವಿಗ್ಗು. ಅವರೇ ಕೈ ಮುಂದೆ ಚಾಚಿ, "ಬಯಾಲಜಿ. ಇನ್ನೂ ನಾನೇ" ಅಂದರು.

ಕೂದಲು ಅಂದರೆ ಕೊಂಡು ತರುವ ವಸ್ತು ಎಂಬ ಲೆಕ್ಕ ಇರುವ ಊರಲ್ಲಿ ನನ್ನ ಎಣ್ಣೆ ಹಚ್ಚಿದ ಜಡೆಯನ್ನು ಯಾರೂ ನಂಬಲಿಲ್ಲ. "ಎಷ್ಟು ಶಿಲ್ಲಿಂಗು ಮೇಡಂ?" ಎಂದು ಕೇಳಿದರು. ನನ್ನದೇ ಅಂದೆ. ಧೈರ್ಯವಂತೆಯೊಬ್ಬಳು ಹಿಂದಿನಿಂದ ಬಂದು ಎಳೆದು ನೋಡಿದಳು. ಜಡೆಯೂ ಬಂತು, ಜೊತೆಗೆ ನಾನೂ ಬಂದೆ.

ಪಾಠ ಮಾಡುವಾಗ ಮೋಸ ಮಾಡಿದ್ದು ಜಡೆಯಲ್ಲ, ತಲೆ. ನಾವು ಮಂಡ್ಯದವರು ಸರಿ ಅನ್ನುವುದಕ್ಕೆ ಬಾಯಿ ಬಿಡುತ್ತೇವಾ? ತಲೆಯನ್ನು ಆ ಕಡೆ ಈ ಕಡೆ ಒಂದು ಸಲ ಒಲೆದರೆ ಮುಗಿಯಿತು. ಬೋರ್ಡಿನ ಮುಂದೆ ಹುಡುಗಿ ಲೆಕ್ಕ ಬಿಡಿಸುತ್ತಾಳೆ, ಉತ್ತರ ಸರಿಯಾಗಿದೆ, ನನ್ನ ಕಡೆ ನೋಡುತ್ತಾಳೆ. ನಾನು ಖುಷಿಯಿಂದ ತಲೆ ಒಲೆಯುತ್ತೇನೆ. ಅವಳು ಮುಖ ಸಣ್ಣ ಮಾಡಿಕೊಂಡು ಉತ್ತರ ಅಳಿಸಿ ಬೇರೆ ಬರೆಯುತ್ತಾಳೆ. ಅಯ್ಯೋ ಮೊದಲಿನದೇ ಸರಿ ಕಣೇ ಅನ್ನುವಷ್ಟರಲ್ಲಿ ಅದನ್ನೂ ಅಳಿಸಿಯಾಗಿರುತ್ತದೆ. ಅಲ್ಲಿನ ಕ್ಲಾಸಿನಲ್ಲಿ ಸರಿ ಉತ್ತರಕ್ಕೆ ಎಲ್ಲರೂ ಸೇರಿ ಚಪ್ಪಾಳೆ ತಟ್ಟುವ ಪದ್ಧತಿ ಬೇರೆ ಇದೆ. ನನ್ನ ತಲೆ ನೋಡಿ ತಟ್ಟಬೇಕೋ ಬೇಡವೋ ತಿಳಿಯದೆ ನಲವತ್ತು ಜನ ಕೈ ಎತ್ತಿ ಕಾಯುತ್ತಿದ್ದರು. ಕಡೆಗೆ ಮಾನಿಟರ್ ಸಂಶೋಧನೆ ಮಾಡಿ ಘೋಷಿಸಿದಳು: "ಮೇಡಂ ತಲೆ ಸಡಿಲ ಆದರೆ ಸರಿ. ಗಟ್ಟಿ ಇದ್ದರೆ ತಪ್ಪು." ಅವತ್ತಿನಿಂದ ತೊಂದರೆ ಇಲ್ಲ. ಆದರೆ ಆ ರೋಗ ಅವರಿಗೂ ಅಂಟಿತು. ಇಂಗ್ಲಿಷ್ ಮೇಷ್ಟ್ರು ಬಂದು, ನಿಮ್ಮ ಫಾರ್ಮ್ ಒನ್ (ಹೈಸ್ಕೂಲಿನ ಮೊದಲ ವರ್ಷ) ಮಕ್ಕಳಿಗೆ ಕುತ್ತಿಗೆ ನೋವಾ ಎಂದು ವಿಚಾರಿಸಿದರು.

ಶಿಕ್ಷೆ ಕೊಡುವುದಕ್ಕೂ ಅಲ್ಲಿ ಜಾಗ್ರತೆ ಬೇಕು. ತಡವಾಗಿ ಬಂದ ಒಬ್ಬಳಿಗೆ, ಐದು ನಿಮಿಷ ಹೊರಗೆ ನಿಲ್ಲು ಅಂದೆ. ಪಾಠದ ಭರದಲ್ಲಿ ಮರೆತೂಬಿಟ್ಟೆ. ಪೀರಿಯಡ್ ಮುಗಿದಾಗ ನೋಡಿದರೆ ಹೊರಗೆ ಅರ್ಧ ಮೈದಾನದ ಹುಲ್ಲು ಮಾಯ. ತುದಿ ಬಾಗಿದ ಉದ್ದನೆಯ ಕತ್ತಿ ಬೀಸಿ ಬೀಸಿ ಅವಳು ಬೆವರು ಸುರಿಸುತ್ತಿದ್ದಳು. ಹೊರಗೆ ಕಳಿಸಿದರೆ ಹುಲ್ಲು ಕೊಯ್ಯಬೇಕು ಎಂಬುದು ಹೇಳದೆ ಗೊತ್ತಿರುವ ನಿಯಮ. ಹಾಸ್ಟೆಲಿಗೆ ಸೇರುವಾಗ ತರಬೇಕಾದ ಸಾಮಾನಿನ ಪಟ್ಟಿಯಲ್ಲಿ ಹಾಸಿಗೆ, ಬಕೆಟ್ಟಿನ ಜೊತೆ ಗುದ್ದಲಿ, ಪೊರಕೆ, ಈ ಕತ್ತಿ ಎಲ್ಲ ಇರುತ್ತವೆ. ಇದರ ಹಿಂದೆ ದೊಡ್ಡ ಇತಿಹಾಸವೂ ಇದೆ. ಮೊದಲ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ಸ್ವತಃ ಮೇಷ್ಟ್ರಾಗಿದ್ದವರು. ದೇಶಕ್ಕೆ ದೇಶವೇ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿತ್ತು. 1967ರಲ್ಲಿ ಅವರು, ಓದುವ ಮಕ್ಕಳು ಹೊಲದ ಕೆಲಸವನ್ನೂ ಕಲಿಯಬೇಕು, ಶಾಲೆ ತನ್ನ ಕಾಲ ಮೇಲೆ ನಿಲ್ಲಬೇಕು ಎಂದು ಹೇಳಿದರು. ನಮ್ಮ ಶಾಲೆಯಲ್ಲೂ ಜೋಳ, ಹುರುಳಿಕಾಯಿ ಬೆಳೆಯುತ್ತಿದ್ದರು. ನನಗೆ ಇದು ಬಹಳ ಹಿಡಿಸಿತು. ಆ ಹುಡುಗಿಯ ಕೈಯ ಬೊಬ್ಬೆ ನೋಡುವವರೆಗೆ.

ಇನ್ನು ಗಂಟೆಯ ವಿಷಯ. ಅಲ್ಲಿನ ಭಾಷೆ ಸ್ವಾಹಿಲಿ. ಸ್ವಾಹಿಲಿಯವರ ದಿನ ಶುರುವಾಗುವುದು ಬೆಳಿಗ್ಗೆ ಆರಕ್ಕೆ. ನಮ್ಮ ಏಳು ಗಂಟೆ ಅವರಿಗೆ ಒಂದು ಗಂಟೆ. ಎಂಟು ಅಂದರೆ ಎರಡು. ವರ್ಷವಿಡೀ ಸೂರ್ಯ ಹೆಚ್ಚು ಕಡಿಮೆ ಆರಕ್ಕೇ ಹುಟ್ಟುವ ನಾಡಿನಲ್ಲಿ ಇದೇ ಸರಿಯಾದ ಲೆಕ್ಕ, ನಡುರಾತ್ರಿ ದಿನ ಬದಲಿಸುವ ನಾವೇ ವಿಚಿತ್ರ. ಆದರೆ ಈ ಜ್ಞಾನೋದಯ ಆಗುವ ಮೊದಲೇ ನನಗೆ ವಾರದ ಡ್ಯೂಟಿ ಬಿತ್ತು. ನಾಳೆ ಶನಿವಾರ, ಹುಡುಗಿಯರ ಓಟ ಎಷ್ಟು ಹೊತ್ತಿಗೆ ಎಂದು ಗೇಟಿನ ಅಜ್ಜನನ್ನು ಕೇಳಿದೆ. ಅವರು ಹತ್ತು ಬೆರಳು ತೋರಿಸಿ, ಮತ್ತೆ ಒಂದು ತೋರಿಸಿದರು. ಹನ್ನೊಂದಕ್ಕೆ! ಎಂಥ ಒಳ್ಳೆಯ ಶಾಲೆ ಅಂದುಕೊಂಡು ಮಲಗಿದೆ.

ಮೂರೂವರೆಗೆ ಅಮ್ಮನ ಫೋನು. ಮಂಡ್ಯದಲ್ಲಿ ಆಗ ಬೆಳಿಗ್ಗೆ ಆರು. "ಬ್ಯಾಂಕಿನಲ್ಲಿರೋ ಹುಡುಗ. ಜಾತಕ ಬಂದದೆ, ನೋಡ್ತೀಯಾ?" ನೋಡುವುದಿಲ್ಲ ಎಂದು ಅರ್ಧ ಗಂಟೆ ವಿವರಿಸಿ ಮತ್ತೆ ಕಣ್ಣು ಮುಚ್ಚಿದ್ದೆ. ಐದಕ್ಕೆ ಕತ್ತಲಲ್ಲಿ ನೂರಾರು ಕಾಲುಗಳ ಸದ್ದು, ಜೊತೆಗೆ ಒಬ್ಬಳು ಕೂಗುವುದು, ಉಳಿದವರೆಲ್ಲ ಒಟ್ಟಿಗೆ ಉತ್ತರ ಕೊಡುವುದು. ಶಾಲೆಯಲ್ಲಿ ದಂಗೆ ಎದ್ದಿದೆ ಎಂದೇ ನಂಬಿದೆ. ನೈಟಿಯ ಮೇಲೆ ಶುಕಾ ಸುತ್ತಿಕೊಂಡು ಹೊರಗೆ ಓಡಿದೆ. ಅದು ಮ್ಚಕಮ್ಚಕ, ಹಾಡು ಹೇಳಿಕೊಂಡು ಸಾಲಾಗಿ ಓಡುವ ಬೆಳಗಿನ ವ್ಯಾಯಾಮ. ಅವರ ರಾತ್ರಿಯ ಹನ್ನೊಂದು ಅಂದರೆ ನಮ್ಮ ಬೆಳಗಿನ ಐದು. ಡ್ಯೂಟಿ ಟೀಚರ್ ಕೊನೆಗೂ ಬಂದರು ಎಂದು ಹುಡುಗಿಯರು ಸಂತೋಷದಿಂದ ದಾರಿ ಬಿಟ್ಟು ನನ್ನನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿದರು. ಹಿಂದೆ ನಾನೂರು ಜನ ಬರುತ್ತಿರುವಾಗ ಮನುಷ್ಯಳು ಏನು ಮಾಡಬೇಕು? ಓಡಬೇಕು. ಹವಾಯಿ ಚಪ್ಪಲಿಯಲ್ಲಿ ಕಾಫಿ ತೋಟದ ಬೇಲಿಯವರೆಗೆ ಓಡಿದೆ. ಆ ಎಪಿಸೋಡಿಗೆ ಹುಡುಗಿಯರಿಂದ ಒಳ್ಳೆಯ ಪ್ರತಿಕ್ರಿಯೆ ಬಂತು.

ಇಷ್ಟೆಲ್ಲ ಓಡಿದ ಮೇಲೆ ಹಸಿವಾಗುತ್ತದೆ. ಊಟಕ್ಕೆ ಉಗಾಲಿ. ಬಿಳಿ ಮೆಕ್ಕೆಜೋಳದ ಹಿಟ್ಟಿನದು. ಜೊತೆಗೆ ಬೇಯಿಸಿದ ಕೆಂಪು ಕಾಳು, ದಂಟಿನ ಸೊಪ್ಪು. ರುಚಿಗೆ ಕೊರತೆ ಇಲ್ಲ. ಆದರೆ ಉಗಾಲಿಯನ್ನು ಕೈಯಲ್ಲಿ ಮುರಿಯುವಾಗೆಲ್ಲ ನಮ್ಮ ಮುದ್ದೆ ನೆನಪಾಗಿ ಹೊಟ್ಟೆ ಉರಿಯುತ್ತಿತ್ತು. ರಾಗಿ ಎಲ್ಲಿ ಸಿಗುತ್ತದೆ ಎಂದು ಅಡುಗೆಯವರನ್ನು ಕೇಳಿದೆ. ಸಂತೆಯಲ್ಲಿ ಬೇಕಾದಷ್ಟು, ಉಲೆಜಿ ಎಂದು ಕೇಳಿ ಅಂದರು.

ಸಿಗದೇ ಇರುತ್ತದೆಯೇ! ರಾಗಿಯ ತವರೇ ಪೂರ್ವ ಆಫ್ರಿಕಾ. ಸಾವಿರಾರು ವರ್ಷದ ಹಿಂದೆ ನಮ್ಮ ಕಡೆ ಬಂದದ್ದು. ಆಮೇಲೆ ನಮ್ಮ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಬೆಳೆಸಿ ಇಂಡಾಫ್ ತಳಿ ಮಾಡಿದರು. ಇಂಡಿಯಾದ ಇಂಡ್, ಆಫ್ರಿಕಾದ ಆಫ್. ಅದರ ಮುದ್ದೆ ನುಂಗಿ ಬೆಳೆದವಳು ನಾನು. ಹೆಮ್ಮೆಯಿಂದ ಕಿಬೊರಿಲೋನಿ ಸಂತೆಗೆ ಹೋಗಿ ಐದು ಕಿಲೋ ರಾಗಿ ಕೊಂಡೆ. ಪಕ್ಕದಲ್ಲೇ ಬಾಳೆಹಣ್ಣು ಅಗ್ಗವಾಗಿತ್ತು. ಒಂದು ಗೊನೆ ತಗೊಂಡೆ.

ರಾಗಿ ಮಾರುವಾಕೆ ಬಾಳೆಗೊನೆ ನೋಡಿ ನನ್ನ ಕೈ ಹಿಡಿದು ಏನೋ ಹಾರೈಸಿದಳು. ವ್ಯಾನಿನಲ್ಲಿ ಪಕ್ಕದವರು ಗೊನೆ ನೋಡಿದರು, ಚೀಲ ಮುಟ್ಟಿ ನೋಡಿದರು, ನಕ್ಕು ಜಾಗ ಬಿಟ್ಟುಕೊಟ್ಟರು. ಎಷ್ಟು ಒಳ್ಳೆಯ ಜನ ಅಂದುಕೊಂಡೆ. ಶಾಲೆಗೆ ಬಂದು ರಾಗಿಯಲ್ಲಿ ಸ್ವಲ್ಪ ತೊಳೆದು, ಒಣಗಲಿ ಎಂದು ಅಂಗಳದಲ್ಲಿ ಶುಕಾ ಮೇಲೆ ಹರಡಿದೆ. ಜುಲೈ ಮೋಡಕ್ಕೆ ಯಾವ ಕಾಳು ಒಣಗುತ್ತದೆ? ಎರಡನೇ ದಿನಕ್ಕೆ ಬೆಳ್ಳಗೆ ಮೊಳಕೆ ಬಂತು.

ಬೆಳಿಗ್ಗೆ ಪೆರೇಡಿನಲ್ಲಿ ಹುಡುಗಿಯರೆಲ್ಲ "ಹೊಂಗೆರಾ ಮೇಡಂ!" ಅಂದರು. ಅಭಿನಂದನೆ ಅಂತೆ. ಯಾಕೆ? ಹೆಡ್ ಮೇಡಂ ಒಳಗೆ ಕರೆಸಿ ಬಾಗಿಲು ಹಾಕಿದರು. ತಪ್ಪಲಿನ ಚಗ್ಗ ಜನರಿಗೆ ಎಂಬೆಗೆ ಎಂಬ ಒಂದು ಪಾನೀಯ ಇದೆ. ಹಣ್ಣು ಬಾಳೆ ಬೇಯಿಸಿ, ಮೊಳಕೆ ಬರಿಸಿದ ರಾಗಿಯ ಹಿಟ್ಟು ಸೇರಿಸಿ ಹುಳಿ ಬರಿಸುವ ಬಿಯರು. ಮದುವೆ ಮಾತುಕತೆಯಿಂದ ಹಿಡಿದು ಮದುವೆಯವರೆಗೆ ಅದಿಲ್ಲದೆ ನಡೆಯುವುದಿಲ್ಲ. "ನಿಮ್ಮ ಸಂತೋಷಕ್ಕೆ ನನ್ನ ಅಡ್ಡಿ ಇಲ್ಲ ಮೇಡಂ. ಆದರೆ ಶಾಲೆಯ ಕಾಂಪೌಂಡಿನ ಒಳಗೆ ಬೇಡ" ಅಂದರು. ನನಗೆ ಗಂಡೇ ಇಲ್ಲ ಅಂದೆ. ಅದನ್ನು ಹುಡುಗಿಯರು ಆಗಲೇ ಹುಡುಕಿಟ್ಟಿದ್ದರು. ಸ್ಟಾಫಿನಲ್ಲಿ ಮದುವೆಯಾಗದೆ ಉಳಿದಿದ್ದವರು ಫಿಸಿಕ್ಸ್ ಮೇಷ್ಟ್ರೊಬ್ಬರೇ. ಪಾಪ, ಅವರಿಗೂ ಆ ಬೆಳಿಗ್ಗೆ ಹೊಂಗೆರಾ ಹೇಳಿಯಾಗಿತ್ತು. ಮರುದಿನದಿಂದ ಅವರು ಇಸ್ತ್ರಿ ಮಾಡಿದ ಶರ್ಟು ಹಾಕತೊಡಗಿದ್ದು ಕಾಕತಾಳೀಯ ಎಂದು ನಾನು ಈಗಲೂ ನಂಬಿದ್ದೇನೆ.

ಅಮ್ಮನ ಹತ್ತಿರ ನಗುತ್ತಾ ಈ ಕಥೆ ಹೇಳಿದೆ. ಅಮ್ಮ ನಗಲಿಲ್ಲ. "ಹುಡುಗ ಏನ್ ಓದವ್ನೆ?" ಅಂದಳು.

ಮರ್ಯಾದೆ ಉಳಿಸಿಕೊಳ್ಳಲು ಉಳಿದ ಮೂರು ಕಿಲೋ ರಾಗಿ ಬೀಸಿಸಿ ಭಾನುವಾರ ಸ್ಟಾಫಿಗೆಲ್ಲ ಮುದ್ದೆ ಮಾಡಿದೆ. ಉಗಾಲಿ ತಿರುವುವವರಿಗೆ ಮುದ್ದೆ ತೊಳಸುವುದು ಹೇಳಿಕೊಡಬೇಕಾಗಿಲ್ಲ. ಅಡುಗೆಯವರೇ ನನ್ನ ಕೈಯಿಂದ ಕೋಲು ಕಿತ್ತುಕೊಂಡು ಒಂದು ಗಂಟಿಲ್ಲದ ಹಾಗೆ ಮಾಡಿದರು. ಬಸ್ಸಾರು ಮಾತ್ರ ನನ್ನದು. ಫಿಸಿಕ್ಸ್ ಮೇಷ್ಟ್ರು ಮೂರು ಮುದ್ದೆ ತಿಂದರು. ಅಗಿಯದೆ ನುಂಗಬೇಕು ಅಂದಿದ್ದಕ್ಕೆ ಕಣ್ಣಲ್ಲಿ ನೀರು ಬಂದರೂ ನುಂಗಿದರು. ಮ್ಯಾಟ್ರನ್ ಒಂದು ಮುರಿದು ತಿಂದು, ನಿಟ್ಟುಸಿರು ಬಿಟ್ಟು, "ಎಂಥಾ ಒಳ್ಳೆ ರಾಗಿ, ಹೀಗಾಯ್ತಲ್ಲ" ಅಂದರು. ಮೊಳಕೆ ಬಂದದ್ದನ್ನೂ ಮೆತ್ತಗಾಗುತ್ತಿದ್ದ ಬಾಳೆಹಣ್ಣನ್ನೂ ಸಂಜೆ ತಮ್ಮ ಮನೆಗೆ ಹೊತ್ತುಕೊಂಡು ಹೋದರು. ಶಾಲೆಯ ಕಾಂಪೌಂಡಿನ ಹೊರಗೆ ಅಲ್ವಾ, ಯಾರೂ ಕೇಳುವ ಹಾಗಿಲ್ಲ.

ಅವರ ತಂಗಿಯ ಮಗಳ ಮದುವೆ ಹತ್ತಿರವಿತ್ತು. ಕಾರ್ಡು ಬಂತು. ಆ ದೇಶದಲ್ಲಿ ಮದುವೆ ಕಾರ್ಡಿನ ಮೇಲೆ ಸಿಂಗಲ್ ಅಥವಾ ಡಬಲ್ ಎಂದು ಬರೆದಿರುತ್ತಾರೆ, ಒಬ್ಬರು ಬರಬೇಕೋ ಜೋಡಿಯಾಗಿ ಬರಬೇಕೋ ಎಂದು ತಿಳಿಯಲಿಕ್ಕೆ. ನನಗೂ ಫಿಸಿಕ್ಸ್ ಮೇಷ್ಟ್ರಿಗೂ ಸೇರಿ ಬಂದದ್ದು ಒಂದೇ ಕಾರ್ಡು. ಡಬಲ್.