ಮುಖ ಮಬ್ಬು, ಸೀರೆ ಸ್ಪಷ್ಟ

ದಾವಣಗೆರೆಯಲ್ಲಿ ಒಬ್ಬರ ಗುರುತು ಹಿಡಿಯೋಕೆ ಮುಖವೇ ಬೇಕು ಅಂತೇನಿಲ್ಲ. ಗಾಡಿ ಸಾಕು, ನಿಂತಿರೋ ರೀತಿ ಸಾಕು, ಕೆಲವರಿಗೆ ಕೈಲಿರೋ ಚೀಲ ಸಾಕು. ಇದು ನಮ್ಮ ಚಿಕ್ಕಪ್ಪನ ಮಗನಿಗೆ ಗೊತ್ತಿಲ್ಲ. ಇಂಜಿನಿಯರಿಂಗ್ ಓದುತ್ತಿದ್ದಾನೆ. ಮುಖ ಬ್ಲರ್ ಮಾಡಿದರೆ ಗುಟ್ಟು ಉಳೀತು ಅಂತ ಅವನ ನಂಬಿಕೆ.

ಶ್ರಾವಣ ಸೋಮವಾರ ಅತ್ತಿಗೆ ಉಪವಾಸ ಇದ್ದರು. ಅಂದರೆ, ಅವರ ಅತ್ತೆ, ನಮ್ಮ ದೊಡ್ಡಮ್ಮ, ನೋಡುವಷ್ಟು ಹೊತ್ತು ಇದ್ದರು. ಸಂಜೆ ನಾವೆಲ್ಲ ಮಂಡಕ್ಕಿ ಮೆಣಸಿನಕಾಯಿ ತಿನ್ನೋಕೆ ಹೋದೆವು. ಇವನು ಫೋಟೊ ತೆಗೆದು, ಅತ್ತಿಗೆಯ ಮುಖ ಒಂದನ್ನೇ ಬ್ಲರ್ ಮಾಡಿ ಸ್ಟೇಟಸ್‌ಗೆ ಹಾಕಿದ. ಉಳಿದವರದ್ದು ಬೇಡವಂತೆ, ಅವರೇನು ಉಪವಾಸ ಇರಲಿಲ್ಲ ಅಲ್ವಾ! ಸುಮ್ನೆ ಹಾಕಿದ್ದರೆ ಅಷ್ಟು ಜನರ ಗುಂಪಲ್ಲಿ ಯಾರೂ ದಿಟ್ಟಿಸಿ ನೋಡುತ್ತಿರಲಿಲ್ಲ, ಮಬ್ಬು ಮಾಡಿದ್ದಕ್ಕೇ ಎಲ್ಲರ ಕಣ್ಣೂ ಅಲ್ಲೇ ಹೋಗಿದ್ದು. ದೊಡ್ಡಮ್ಮ ಎರಡು ಬೆರಳಲ್ಲಿ ಫೋಟೊ ಹಿಗ್ಗಿಸಿ, "ಈ ಸೀರೆ ಯುಗಾದಿಗೆ ನಾನೇ ಕೊಡ್ಸಿದ್ದಲ್ಲೇನೇ?" ಅಂದರು. ಅತ್ತಿಗೆ ಒಳಗೆ ಹೋಗಿ ಪಾತ್ರೆ ತೊಳೆಯೋಕೆ ಶುರು ಮಾಡಿದರು.

ಇವನೊಬ್ಬನೇ ಅಲ್ಲ ಬಿಡಿ. ಬೀದಿಬೀದಿಯ ಫೋಟೊ ತೋರಿಸೋ ಗೂಗಲ್ ಸ್ಟ್ರೀಟ್ ವ್ಯೂನಲ್ಲಿ ಕಂಪ್ಯೂಟರೇ ಜನರ ಮುಖ ಹುಡುಕಿ ಮಬ್ಬು ಮಾಡುತ್ತದೆ. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಹೊಳೆ ಪಕ್ಕ ಇದ್ದ ಒಂದು ಹಸುವಿನ ಮುಖವನ್ನೂ ಅದು ಹಾಗೇ ಮಬ್ಬು ಮಾಡಿತ್ತು. 2016ರಲ್ಲಿ ಅದು ದೊಡ್ಡ ಸುದ್ದಿ. ಆ ಹಸುವೂ ಸೋಮವಾರ ಮೇಯುತ್ತಿತ್ತೋ ಏನೋ.

ಚಂದಕ್ಕೆ ಅಂತ ಮಾಡೋ ಬ್ಲರ್ ಇನ್ನೊಂದು ಕಥೆ. ದೊಡ್ಡ ಕ್ಯಾಮೆರಾದಲ್ಲಿ ಲೆನ್ಸ್ ಅಗಲ ತೆರೆದರೆ ಹಿಂದಿನದು ತಾನಾಗೇ ಮಬ್ಬಾಗುತ್ತದೆ. ಫೋನಿನ ಲೆನ್ಸ್ ಪುಟ್ಟದು, ಪಾಪ, ಅದಕ್ಕೆ ಯಾವುದು ಹತ್ತಿರ, ಯಾವುದು ದೂರ ಅಂತ ಅಂದಾಜು ಮಾಡಿ, ದೂರದ್ದನ್ನೆಲ್ಲ ಲೆಕ್ಕದ ಮೇಲೆ ಕಲಸಿಬಿಡುತ್ತದೆ. ಅಂದಾಜು ತಪ್ಪಿದರೆ ಕೂದಲು, ಕಿವಿ, ಕನ್ನಡಕದ ಅಂಚು ಎಲ್ಲ ಹೋಯ್ತು. ಚಿತ್ರದುರ್ಗಕ್ಕೆ ಹೋದಾಗ ನಮ್ಮ ಇಂಜಿನಿಯರ್ ಇಡೀ ದಿನ ಹೀಗೆ ಹಿಂದಿನದನ್ನ ಮಬ್ಬು ಮಾಡೋ ಪೋರ್ಟ್ರೇಟ್ ಮೋಡ್‌ನಲ್ಲೇ ತೆಗೆದ. ಏಳು ಸುತ್ತಿನ ಕೋಟೆ, ಒಂದು ಸುತ್ತೂ ಕಾಣಲ್ಲ. ಓಬವ್ವನ ಕಿಂಡಿ ಹತ್ತಿರ ನಿಂತ ದೊಡ್ಡಪ್ಪ ನಮ್ಮ ಹಿತ್ತಲ ಗೋಡೆ ಮುಂದೆ ನಿಂತ ಹಾಗಿದ್ದಾರೆ, ಎಡಗಿವಿ ಇಲ್ಲ. ಇನ್ನೊಂದರಲ್ಲಿ ಮಂಗ ಅಡ್ಡ ಬಂದಿದೆ. ಮಂಗನ ಒಂದೊಂದು ಕೂದಲೂ ಎಣಿಸಬಹುದು, ಹಿಂದೆ ದೊಡ್ಡಪ್ಪ ಮಬ್ಬುಮಬ್ಬು. ದೊಡ್ಡಮ್ಮನಿಗೆ ಅದೇ ಇಷ್ಟವಾಯ್ತು, ಫ್ರೇಮ್ ಹಾಕ್ಸು ಅಂದರು.

ಇಷ್ಟಾದ ಮೇಲೂ ದೊಡ್ಡಪ್ಪನಿಗೆ ಬ್ಲರ್ ಕಲಿಯೋ ಆಸೆ. ಇವನು ಪಾಠ ಮಾಡಿದ. ಅಂಕಿ, ಅಕ್ಷರದ ಮೇಲೆ ಬ್ಲರ್ ನಂಬಬೇಡಿ, ಅಂಕಿ ಇರೋದೇ ಹತ್ತು ಬಗೆ, ಒಂದೊಂದನ್ನೂ ಅದೇ ಥರ ಮಬ್ಬು ಮಾಡಿ ಹೋಲಿಸಿ ನೋಡಿದರೆ ಯಾವುದು ಅಂತ ಎಷ್ಟೋ ಸಲ ಸಿಕ್ಕಿಬಿಡುತ್ತದೆ, ಅದಕ್ಕೆ ಗಟ್ಟಿ ಕಪ್ಪು ಪಟ್ಟಿಯೇ ಹಾಕಬೇಕು, ಫೋನಿನ ಹೈಲೈಟರ್ ಪೆನ್ನಲ್ಲಿ ಗೀಚಿದರೆ ಬ್ರೈಟ್‌ನೆಸ್ ಏರಿಸಿದ ಕೂಡಲೇ ಅಡಿಯದು ಇಣುಕಬಹುದು ಅಂತೆಲ್ಲ. ಆಧಾರ್‌ಗಂತೂ 12 ಅಂಕಿಯಲ್ಲಿ ಕೊನೆಯ 4 ಮಾತ್ರ ತೋರಿಸೋ ಪ್ರತಿಯೇ ಸಿಗುತ್ತದೆ, ಡೌನ್‌ಲೋಡ್ ಮಾಡಿಕೊಡ್ತೀನಿ ಅಂದ. ಈ ವಿಷಯದಲ್ಲಿ ಹುಡುಗ ಹೇಳಿದ್ದು ಸರಿಯೇ. ದೊಡ್ಡಪ್ಪ ಹ್ಞೂಂ ಹ್ಞೂಂ ಅಂದರು, ಟಿವಿ ನೋಡ್ತಾ.

ಮೈಸೂರಿನ ಒಂದು ಲಾಡ್ಜ್‌ನವರು ರೂಮಿಗೆ ಆಧಾರ್ ಕೇಳಿದರು. ದೊಡ್ಡಪ್ಪ ಯಾರನ್ನೂ ಕೇಳದೆ ಕಳಿಸಿದರು. ಹೆಸರು ಇದೆ, ವಿಳಾಸ ಇದೆ, 12 ಅಂಕಿಯೂ ಫಳಫಳ. ಮುಖದ ಮೇಲೆ ಮಾತ್ರ ದಪ್ಪಗೆ ಬ್ಲರ್. ಅವರು ಫೋನ್ ಮಾಡಿ, "ಸಾರ್, ಫೋಟೊ ಕಾಣ್ತಿಲ್ವಲ್ಲಾ" ಅಂದರೆ ಇವರ ಉತ್ತರ: "ಮುಖಾನ ನಾನ್ ಬಂದಾಗ ನೋಡ್ಕಳ್ರಿ, ಅದನ್ನೇನು ಮೊದ್ಲೇ ಕಳ್ಸೋದು?"