ಕತ್ತಲೆಯ ರಿಪೇರಿ

ನಮ್ಮ ಮನೆಯಲ್ಲಿ ದೀಪ ಕೆಟ್ಟರೆ ಸರಿಮಾಡಲು ಜನ ಸಿಗುತ್ತಾರೆ. ಕತ್ತಲೆ ಕೆಟ್ಟರೆ ಮಾತ್ರ ನಾನೇ ಆಗಬೇಕು.

ಬೆಂಗಳೂರಿನ ಭಾನುವಾರದ ಬಜಾರಿನಲ್ಲಿ, ಮುರಿದ ಮಿಕ್ಸಿ, ಹಿಡಿಯಿಲ್ಲದ ಇಸ್ತ್ರಿಪೆಟ್ಟಿಗೆಗಳ ನಡುವೆ ಸಿಕ್ಕಿದ ಅಗ್ಫಾ ಐಸೊಲೆಟ್ ಅದು. ಮ್ಯೂನಿಕ್‌ನಲ್ಲಿ ತಯಾರಾದ, 1950ರ ದಶಕದ ಮಡಿಸುವ ಕ್ಯಾಮೆರಾ. ಗುಂಡಿ ಒತ್ತಿದರೆ ಮುಂಬಾಗಿಲು ತೆರೆದು, ಕಪ್ಪು ತಿದಿಯ ತುದಿಯಲ್ಲಿ ಲೆನ್ಸು ಮುಂದೆ ಬಂದು ನಿಲ್ಲುತ್ತದೆ. 120 ಫಿಲ್ಮಿನ ಒಂದು ಸುರುಳಿಯಲ್ಲಿ ಹನ್ನೆರಡು ಚೌಕ ಚಿತ್ರಗಳು. ‘ಚಾಲೂ ಇದೆ ಸಾರ್’ ಎಂದ ಮಾರುವವನು. ಬಾಗಿಲಂತೂ ಚಾಲೂ ಇತ್ತು.

ಲೆನ್ಸಿನ ಮುಂದಿನ ಗಾಜು ತಿರುಗಿದರೆ ತಾನೆ ಫೋಕಸ್? ಅದು ಜಪ್ಪಯ್ಯ ಎನ್ನಲಿಲ್ಲ. ಐಸೊಲೆಟ್‌ಗಳಿಗೆ ಇದು ಮನೆತನದ ಕಾಯಿಲೆ. ಸಲೀಸಾಗಿ ತಿರುಗಲೆಂದು ಕಾರ್ಖಾನೆಯಲ್ಲಿ ಸವರಿದ ಗ್ರೀಸೇ ಹಸಿರುಗಟ್ಟಿ, ಹಲಸಿನ ಮೇಣವನ್ನು ನಾಚಿಸುವ ಹಾಗೆ ಕಚ್ಚಿಕೊಂಡಿರುತ್ತದೆ. ಫೋಕಸ್ ಬಳೆಯ ಮೂರು ಪುಟ್ಟ ತಿರುಪುಗಳನ್ನು ಸಡಿಲಿಸಿ, ಬಳೆ ತೆಗೆದು, ಗಾಜನ್ನು ಹಿಡಿದು ತಿರುಗಿಸಿದೆ. ಮುಂದಿನದು ಬರುವಾಗ ಹಿಂದಿನದನ್ನೂ ಕೈಹಿಡಿದು ಕರೆತಂದಿತು. ಲೈಟರಿಗೆ ತುಂಬುವ ದ್ರವದಲ್ಲಿ ನಾಲ್ಕು ದಿನ ನೆನೆಸಿ, ಕೂದಲು ಒಣಗಿಸುವ ಯಂತ್ರದಿಂದ ಕಾಯಿಸಿದ ಮೇಲೆ ಆ ದಂಪತಿ ಬೇರೆಯಾದರು. ಷಟರ್ ಕೂಡ ಜಡವಾಗಿತ್ತು. ಒಂದು ಸೆಕೆಂಡಿಗೆ ಇಟ್ಟರೆ ತೆರೆದುಕೊಂಡು, ಮುಚ್ಚುವುದನ್ನು ಮರೆತು ಕೂರುತ್ತಿತ್ತು. ಅದರ ಹಲ್ಲುಚಕ್ರಗಳಿಗೂ ಅದೇ ದ್ರವದ ಸ್ನಾನವಾಯಿತು.

ನಿಜವಾದ ಕೆಲಸ ತಿದಿಯದು. ಕಮ್ಮಾರನ ತಿದಿ ತೂತಾದರೆ ಗಾಳಿ ಹೊರಗೆ ಹೋಗುತ್ತದೆ, ಇದರಲ್ಲಿ ಬೆಳಕು ಒಳಗೆ ಬರುತ್ತದೆ. ಕ್ಯಾಮೆರಾ ಎಂದರೆ ಒಂದು ಹಿಡಿ ಕತ್ತಲೆಯ ಸುತ್ತ ಕಟ್ಟಿದ ಗೋಡೆ. ತೂತು ಹುಡುಕಲು ಅದಕ್ಕಿಂತ ದೊಡ್ಡ ಕತ್ತಲೆ ಬೇಕು, ಅದು ನಮ್ಮ ಮನೆಯಲ್ಲಿರುವುದು ಬಚ್ಚಲಿನಲ್ಲಿ ಮಾತ್ರ. ಬಾಗಿಲ ಸಂದಿಗೆ ಟವೆಲ್ ತುರುಕಿ, ತಿದಿಯೊಳಗೆ ಪುಟ್ಟ ಟಾರ್ಚ್ ಹಚ್ಚಿದೆ. ಮಡಿಕೆಯ ಮೂಲೆಮೂಲೆಯಲ್ಲೂ ನಕ್ಷತ್ರ! ಚಂದವಿತ್ತು, ಸುಳ್ಳು ಹೇಳಬಾರದು. ಆದರೆ ಅಚ್ಚಾಗಿ ಬಂದ ಚಿತ್ರದಲ್ಲಿ ಆ ಒಂದೊಂದು ನಕ್ಷತ್ರವೂ ಬಿಳಿಯ ಕಲೆ.

‘ರೀ, ಒಳಗೆ ಏನು ಮಾಡುತ್ತಿದ್ದೀರಿ?’

‘ತೂತು ಎಣಿಸುತ್ತಿದ್ದೇನೆ.’

ಹೊರಗಿನ ಮೌನ ಸ್ವಲ್ಪ ದೀರ್ಘವಾಗಿತ್ತು.

ಕಪ್ಪು ಬಣ್ಣಕ್ಕೆ ಬಿಳಿ ಅಂಟು ಕಲಸಿ, ಸೂಜಿಮೊನೆಯಲ್ಲಿ ಮೂಲೆಗಳಿಗೆ ತೇಪೆ ಹಾಕಿದೆ. ದಪ್ಪವಾದರೆ ತಿದಿ ಮಡಚುವುದಿಲ್ಲ, ತೆಳುವಾದರೆ ನಕ್ಷತ್ರ ಮತ್ತೆ ಮೂಡುತ್ತದೆ. ಮೂರು ರಾತ್ರಿ ಬಚ್ಚಲು ನನ್ನದೇ.

ಕೊನೆಗೆ ಫಿಲ್ಮ್ ಕೂರುವ ಜಾಗಕ್ಕೆ ಬೆಣ್ಣೆ ಕಾಗದ ಬಿಗಿದು, ಷಟರ್ ತೆರೆದಿಟ್ಟು, ದೂರದ ನೀರಿನ ಟ್ಯಾಂಕಿಗೆ ಗುರಿಯಿಟ್ಟೆ. ಟ್ಯಾಂಕ್ ತಲೆಕೆಳಗಾಗಿ, ಸ್ಪಷ್ಟವಾಗಿ ಮೂಡಿತು. ಅಲ್ಲಿಗೇ ಬಳೆಯ ಅನಂತದ, ಅಂದರೆ ಬಹುದೂರದ, ಗುರುತನ್ನು ಹೊಂದಿಸಿ ತಿರುಪು ಬಿಗಿದೆ.

ಫಿಲ್ಮ್ ತುಂಬಿದ ಮೇಲೆ ಇವಳನ್ನು ಹಿತ್ತಲಿನಲ್ಲಿ ನಿಲ್ಲಿಸಿದೆ. ಬಾಗಿಲನ್ನು ಬೆರಳಿನಿಂದ ತಡೆದು ಮೆಲ್ಲಗೆ ತೆರೆದೆ. ಚಿಮ್ಮಲು ಬಿಟ್ಟರೆ ತಿದಿ ಉಸಿರೆಳೆದು ಫಿಲ್ಮನ್ನೂ ಮುಂದಕ್ಕೆ ಸೆಳೆಯುತ್ತದೆ. ಆರಡಿ ದೂರ, ಒಳ್ಳೆಯ ಬಿಸಿಲು.

ತೊಳೆದು ಬಂದ ಚಿತ್ರಗಳಲ್ಲಿ ಒಂದು ಬಿಳಿ ಕಲೆಯೂ ಇರಲಿಲ್ಲ. ಕತ್ತಲೆ ಅಪ್ಪಟವಾಗಿತ್ತು. ಇವಳ ಮುಖ ಮಾತ್ರ ಮಂಜು ಮಂಜು, ಹಿಂದಿನ ತುಳಸಿಕಟ್ಟೆ ಎಲೆಎಲೆಯಾಗಿ ಸ್ಪಷ್ಟ. ತಿರುಪು ಬಿಗಿಯುವಾಗ ಬಳೆ ಒಂದು ಕೂದಲೆಳೆ ಜಾರಿರಬೇಕು.

‘ತುಳಸಿ ಚೆನ್ನಾಗಿ ಬಂದಿದ್ದಾಳೆ’ ಎಂದಳು.

ನಾನು ಮೂರು ಪುಟ್ಟ ತಿರುಪುಗಳನ್ನು ಮತ್ತೆ ಸಡಿಲಿಸಿದೆ.