ಆಯ್ಕೆ ನಿಮ್ಮದು, ಕಥೆ ನಮ್ಮದು

ಪ್ರೇಕ್ಷಕನು ಕೈಕಟ್ಟಿ ಕುಳಿತು ಕಥೆ ನೋಡುವ ಕಾಲ ಮುಗಿಯಿತು, ಇನ್ನು ಮುಂದೆ ಕಥೆಯನ್ನು ನಡೆಸುವವನು ಅವನೇ ಎಂದು ಮನರಂಜನಾ ಉದ್ಯಮವು ಹಲವು ದಶಕಗಳಿಂದ ಘೋಷಿಸುತ್ತಲೇ ಬಂದಿದೆ. ಇಷ್ಟು ಸಲ ಪಟ್ಟಾಭಿಷೇಕ ನಡೆದರೂ ಮಹಾರಾಜರ ಕೈಗೆ ಬಂದಿರುವುದು ರಿಮೋಟ್ ಮಾತ್ರ ಎಂಬುದನ್ನು ಪ್ರಜೆಗಳಾಗಲಿ ಮಹಾರಾಜರಾಗಲಿ ಆಕ್ಷೇಪಿಸಿದಂತಿಲ್ಲ.

1953ರಲ್ಲಿ ಅಮೆರಿಕದ ಸಿಬಿಎಸ್ ವಾಹಿನಿಯು ‘ವಿಂಕಿ ಡಿಂಕ್ ಆ್ಯಂಡ್ ಯು’ ಎಂಬ ಕಾರ್ಯಕ್ರಮಕ್ಕಾಗಿ ಪರದೆಗೆ ಅಂಟಿಸುವ ಪಾರದರ್ಶಕ ಹಾಳೆಯನ್ನೂ ಬಣ್ಣದ ಕಡ್ಡಿಗಳನ್ನೂ ಮಾರಿ, ನಾಯಕನು ದಾಟಲು ನೀವೇ ಸೇತುವೆ ಬರೆಯಿರಿ ಎಂದು ಮಕ್ಕಳಿಗೆ ಕರೆಕೊಟ್ಟಿತು. ಯಾರೂ ಒಂದು ಗೆರೆ ಎಳೆಯದಿದ್ದರೂ ನಾಯಕ ಸುಖವಾಗಿಯೇ ಆಚೆ ಸೇರುತ್ತಿದ್ದ. ಹಾಳೆ ಕೊಳ್ಳದ ಮನೆಗಳ ಮಕ್ಕಳು ಮಾತ್ರ ನೇರವಾಗಿ ಟಿವಿಯ ಗಾಜಿನ ಮೇಲೆಯೇ ಗೀಚಿದರು. ಈ ಇಡೀ ಚರಿತ್ರೆಯಲ್ಲಿ ನಿಜವಾಗಿ ಸ್ವತಂತ್ರವಾಗಿ ನಡೆದುಕೊಂಡವರು ಬಹುಶಃ ಅವರಷ್ಟೇ.

1967ರ ಮಾಂಟ್ರಿಯಲ್ ವಿಶ್ವ ಪ್ರದರ್ಶನದಲ್ಲಿ ಚೆಕೊಸ್ಲೊವಾಕಿಯಾದ ರಾದುಜ್ ಚಿಂಚೆರಾ ಅವರ ‘ಕಿನೊಆಟೊಮಾಟ್’ ಎಂಬ ಚಿತ್ರ ಪ್ರದರ್ಶನಗೊಂಡಾಗ, ಆಸನಕ್ಕೊಂದರಂತೆ ಕೆಂಪು ಮತ್ತು ಹಸಿರು ಗುಂಡಿಗಳಿದ್ದವು. ಚಿತ್ರವು ಆಗಾಗ ನಿಲ್ಲುತ್ತಿತ್ತು, ವೇದಿಕೆಯ ಮೇಲಿದ್ದ ನಿರೂಪಕ ಮತ ಕೇಳುತ್ತಿದ್ದ, ಬಹುಮತ ಬಂದ ದಾರಿಯಲ್ಲಿ ಕಥೆ ಮುಂದುವರಿಯುತ್ತಿತ್ತು. ಆದರೆ ಎರಡೂ ದಾರಿಗಳು ಮುಂದಿನ ಮತದಾನದ ಹೊತ್ತಿಗೆ ಒಂದೇ ಜಾಗಕ್ಕೆ ಬಂದು ಕೂಡುವಂತೆ ಚಿತ್ರಕಥೆ ಹೆಣೆಯಲಾಗಿದ್ದರಿಂದ, ಯಾರು ಏನನ್ನು ಒತ್ತಿದರೂ ಕೊನೆಗೆ ಕಟ್ಟಡಕ್ಕೆ ಬೆಂಕಿ ಬಿದ್ದೇ ಬೀಳುತ್ತಿತ್ತು. ಆ ಬೆಂಕಿಯನ್ನು ಚಿತ್ರದ ಆರಂಭದಲ್ಲೇ ತೋರಿಸಿಬಿಟ್ಟಿದ್ದರು ಎಂಬುದು ಅವರ ಪ್ರಾಮಾಣಿಕತೆ. ಇಂದಿನವರಿಗೆ ಅಷ್ಟೂ ಸಂಕೋಚವಿಲ್ಲ.

2018ರ ಡಿಸೆಂಬರ್ 28ರಂದು ನೆಟ್‌ಫ್ಲಿಕ್ಸ್ ಬಿಡುಗಡೆ ಮಾಡಿದ ‘ಬ್ಯಾಂಡರ್‌ಸ್ನ್ಯಾಚ್’ ಎಂಬ, ನೋಡುಗರೇ ಪರದೆಯ ಮೇಲೆ ಆಯ್ಕೆ ಒತ್ತಿ ಮುಂದುವರಿಸುವ ಚಿತ್ರ ನಮ್ಮ ಮುಂದಿಟ್ಟ ಮೊದಲ ಮಹಾನಿರ್ಧಾರವೆಂದರೆ, ನಾಯಕನು ಬೆಳಗ್ಗೆ ಹಾಲಿನೊಂದಿಗೆ ತಿನ್ನುವ ಎರಡು ಬಗೆಯ ಧಾನ್ಯದ ಸೀರಿಯಲ್‌ಗಳಲ್ಲಿ ಯಾವುದನ್ನು ತಿನ್ನಬೇಕು ಎಂಬುದು. ಯೋಚಿಸಲು ಹತ್ತು ಸೆಕೆಂಡು. ಅಷ್ಟರಲ್ಲಿ ನೀವು ತೀರ್ಮಾನಿಸದಿದ್ದರೆ ನಿಮ್ಮ ಮುಕ್ತ ಇಚ್ಛೆಯನ್ನು ಕಂಪನಿಯೇ ಕೃಪೆಯಿಟ್ಟು ಚಲಾಯಿಸುತ್ತದೆ. ಮುಂದೆ ವಿಡಿಯೊ ಗೇಮ್ ರೂಪಿಸುತ್ತಿರುವ ನಾಯಕನನ್ನು ಗೇಮ್ ಕಂಪನಿಯೊಂದು ಅಲ್ಲಿಯೇ ಕುಳಿತು ಕೆಲಸ ಮಾಡಲು ಕರೆದಾಗ, ನಮ್ಮಂಥ ಸಂಸಾರವಂದಿಗರು ಸಹಜವಾಗಿಯೇ ‘ಒಪ್ಪಿಕೊ’ ಎಂದು ಒತ್ತುತ್ತೇವೆ. ತಪ್ಪು ದಾರಿ ಎಂದು ಪಾತ್ರವೊಂದು ಮುಖಕ್ಕೇ ಹೇಳುತ್ತದೆ, ಅವನ ಗೇಮ್‌ಗೆ ಸೊನ್ನೆ ಅಂಕ ಬೀಳುತ್ತದೆ, ಕಥೆ ಹಿಂದಕ್ಕೆ ಸರಿದು ಇನ್ನೊಮ್ಮೆ ಸರಿಯಾಗಿ ಆರಿಸಿರಿ ಎಂದು ಕಾಯುತ್ತದೆ. ಸರಿಯುತ್ತರ ಬರುವವರೆಗೂ ಪ್ರಶ್ನೆ ಕೇಳುವುದನ್ನು ಶಾಲೆಯಲ್ಲಿ ಪರೀಕ್ಷೆ ಎನ್ನುತ್ತಿದ್ದರು. ಇಲ್ಲಿ ಅದಕ್ಕೆ ತಿಂಗಳ ಚಂದಾ ಕಟ್ಟಿ, ನಾನೇ ಕಥೆಗಾರ ಎಂದು ಬೀಗಿದೆವು. ನಾಯಕ ಸತ್ತರೆ ಹಿಂದೆಲ್ಲ ನಿರ್ದೇಶಕನನ್ನು ಬಯ್ಯುತ್ತಿದ್ದೆವು. ಆ ಸುಖವೂ ಹೋಗಿ ಕೊಲೆಯ ಪಾಪವೂ ನಮ್ಮ ತಲೆಗೇ ಬಂದಿದೆ.

ಪ್ರೇಕ್ಷಕನ ಮಾತಿಗೆ ಬೆಲೆಯೇ ಇಲ್ಲವೆಂದರೆ ಅನ್ಯಾಯವಾದೀತು. ಐರೋಪ್ಯ ಒಕ್ಕೂಟದ ದತ್ತಾಂಶ ಕಾನೂನಿನಡಿ ಸಂಶೋಧಕರೊಬ್ಬರು ವಿಚಾರಿಸಿದಾಗ, ಈ ಚಿತ್ರದಲ್ಲಿ ಅವರು ಮಾಡಿದ ಆಯ್ಕೆಗಳನ್ನು ನೆಟ್‌ಫ್ಲಿಕ್ಸ್ ದಾಖಲಿಸಿಟ್ಟುಕೊಂಡಿರುವುದು 2019ರಲ್ಲಿ ಬೆಳಕಿಗೆ ಬಂತು. ಯಾವ ಸೀರಿಯಲ್ ಎಂಬುದನ್ನು ಕಥೆ ಹೆಚ್ಚೇನೂ ಗಮನಿಸದಿದ್ದರೂ ಕಡತವಂತೂ ಮರೆತಿರಲಿಲ್ಲ.

2025ರ ಮೇ ತಿಂಗಳಲ್ಲಿ ಆ ಚಿತ್ರವನ್ನೇ ನೆಟ್‌ಫ್ಲಿಕ್ಸ್‌ನಿಂದ ತೆಗೆದುಹಾಕಲಾಯಿತು. ಇರಲಿ, ಬೇಡ ಎಂಬ ಎರಡು ಗುಂಡಿಗಳನ್ನು ಆಗ ಯಾರ ಪರದೆಯ ಮೇಲೂ ತೋರಿಸಲಿಲ್ಲ.